ನೈಜೀರಿಯಾ ದೇಶದ ಅಭಿವಾದನ ವಿಧಿಗಳು

ಅಭಿವಾದನ ಮಾಡಿದವನಿಗೆ ಪ್ರತ್ಯಭಿವಾದನ ಹೇಳುವಾಗ ಅವನ ಹೆಸರಿನ ಕಡೆಯ ಸ್ವರವನ್ನು ಪ್ಲುತವಾಗಿ ಉಚ್ಚರಿಸಬೇಕೆಂದು ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಸಿರುವನು. ಈ ಪ್ಲುತವನ್ನರಿಯದ ಅವಿದ್ವಾಂಸನಿಗೆ ಶಾಸ್ತ್ರೋಕ್ತವಾದ ಅಭಿವಾದನವೇ ಬೇಡವೆಂದು ಹೇಳಿ, ವ್ಯಾಕರಣವನ್ನು ಓದುವುದರ ಪ್ರಯೋಜನಗಳಲ್ಲಿ ಇದನ್ನೂ ಒಂದಾಗಿ ಪತಂಜಲಿಯು ಎಣಿಸಿರುವನು. ಒಂದು ನಮಸ್ಕಾರದ ಮಾತಿಗಾಗಿ ವ್ಯಾಕರಣವನ್ನೇ ಓದಬೇಕೆ ಎಂದು ಇಂದಿನ ವಿದ್ಯಾರ್ಥಿಗಳು ನಗುವುದುಂಟು. ಹಾಗೆ ನಗುವವರು ಪಶ್ಚಿಮ ಆಫ್ರಿಕೆಯ ನೈಜೀರಿಯಾ ದೇಶದ ಜನರು ಪರಸ್ಪರ ಕುಶಲವನ್ನು ಕೇಳುವ ಕ್ರಮವನ್ನು ಸ್ವಲ್ಪ ಪರಿಶೀಲಿಸಬೇಕು. ಅಲ್ಲಿ ಇಂದಿಗೂ ನಮಸ್ಕಾರದ ಮಾತನ್ನು ತಪ್ಪಾಗಿ ಆಡಿದವನು ವ್ಯಾಕರಣದಲ್ಲಿ ಮಾತ್ರವಲ್ಲ, ಮರ್ಯಾದೆಯಲ್ಲಿಯೂ ತಪ್ಪಿದವನೆನಿಸುವನು.

ಈ ವಿಷಯವನ್ನೆತ್ತಿಕೊಳ್ಳುವುದಕ್ಕೆ ಬೇರೊಂದು ಕಾರಣವೂ ಉಂಟು. ನೈಜೀರಿಯಾದ ಗ್ರಂಥಕರ್ತರ ಕಾದಂಬರಿಗಳೂ ನಾಟಕಗಳೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಾಠ್ಯಗಳಾಗಿವೆ. ಅವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ರಚಿತವಾದವುಗಳಾದರೂ ಅವುಗಳಲ್ಲಿ ಪಾತ್ರಗಳಾಡುವ ಉಪಚಾರದ ಮಾತುಗಳು ಇಂಗ್ಲಿಷಿನವಲ್ಲ. ಸ್ವದೇಶದ ನುಡಿಗಳ ಮೇಲೆ ಇಂಗ್ಲಿಷಿನ ಹೊದಿಕೆಯನ್ನು ಹೊದಿಸಿದವು. ಆ ಹೊದಿಕೆಯ ಒಳಗೇನಿದೆಯೆಂಬುದು ಅಧ್ಯಾಪಕನಿಗೆ ತಿಳಿಯದಿದ್ದರೆ ವಿದ್ಯಾರ್ಥಿಗೆ ವಿಪರೀತಾರ್ಥವೇ ಉಪದೇಶವಾಗುವುದು.

ನೈಜೀರಿಯಾವೆಂಬ ಹೆಸರಾಗಲಿ ಮೇರೆಗಳಾಗಲಿ ಪುರಾತನವಲ್ಲ. ಉತ್ತರ ದಕ್ಷಿಣ ಪ್ರಾಂತಗಳನ್ನು 1914ರಲ್ಲಿ ಆಂಗ್ಲರು ಒಂದಾಗಿ ಕೂಡಿಸಿದರು. 1960ನೆಯ ಅಕ್ಟೋಬರ್ 1ರಂದು ದೇಶವು ಸ್ವತಂತ್ರವಾಯಿತು. ಐನೂರಕ್ಕೆ ಮೇಲ್ಪಟ್ಟ ಭಾಷೆಗಳು ಅಲ್ಲಿ ಪ್ರಚಾರದಲ್ಲಿವೆ. ಅವುಗಳಲ್ಲಿ ಉತ್ತರದ ಹೌಸಾ, ನೈರುತ್ಯದ ಯೋರುಬಾ, ಆಗ್ನೇಯದ ಇಗ್ಬೊ ಎಂಬ ಮೂರು ಪ್ರಧಾನವಾದವು. ಈ ಮೂರೂ ಒಂದರಿಂದೊಂದು ದೂರವಾದ ಆಚಾರಗಳುಳ್ಳವಾದುದರಿಂದ ಇವುಗಳನ್ನೇ ವಿಸ್ತರಿಸಿ, ಉಳಿದವುಗಳಲ್ಲಿ ಒಂದೆರಡನ್ನು ಮಾತ್ರ ಸೂಚಿಸುವೆವು.

ಯೋರುಬಾ ಜನರ ಅಭಿವಾದನವೇ ಎಲ್ಲಕ್ಕಿಂತ ಸಮೃದ್ಧವಾದುದು. ‘ಎ ಕು’ ಎಂಬುದು ಅದರ ಮೂಲಸೂತ್ರ. ‘ಎ’ ಎಂದರೆ ‘ನೀವು’. ‘ಕು’ ಎಂಬುದರ ಮೂಲಾರ್ಥದಲ್ಲಿ ವೈಯಾಕರಣರಿಗೆ ಏಕಮತವಿಲ್ಲ. ಈ ಎರಡರ ಮುಂದೆ ಯಾವ ಸಂದರ್ಭವನ್ನು ನಿರ್ದೇಶಿಸುವ ನಾಮಪದವನ್ನಿಟ್ಟರೆ ಆ ಸಂದರ್ಭಕ್ಕೆ ತಕ್ಕ ಅಭಿವಾದನವು ಸಿದ್ಧವಾಗುವುದು. ಬಂದವನಿಗೆ ‘ಎ ಕಾಬೊ’ ಎಂದು ಸ್ವಾಗತ. ಕೆಲಸದಲ್ಲಿರುವವನಿಗೆ ‘ಎ ಕು ಇಶೆ’. ಕುಳಿತಿರುವವನಿಗೆ ‘ಎ ಕು ಇಜೋಕೋ’. ನಿಂತಿರುವವನಿಗೆ ‘ಎ ಕು ಇದುರೋ’. ಸಂತೆಯಲ್ಲಿ ವ್ಯಾಪಾರ ಮಾಡುವವಳಿಗೆ ‘ಎ ಕು ಒಜಾ’. ಮಳೆ ಸುರಿಯುತ್ತಿರುವಾಗ ‘ಎ ಕು ಓಜೋ’. ಔತಣ ಮಾಡಿ ಹಣವನ್ನು ವೆಚ್ಚಮಾಡಿದ ಗೃಹಸ್ಥನಿಗೆ ಆ ವೆಚ್ಚವನ್ನೇ ಹೆಸರಿಸಿ ‘ಎ ಕು ಇನಾವೋ’ ಎನ್ನುವರು. ಹೆತ್ತ ತಾಯಿಗೆ ‘ಎ ಕು ಎವು ಒಮೊ’ ಎನ್ನುವರು. ‘ಎವು’ ಎಂದರೆ ಅಪಾಯ, ‘ಒಮೊ’ ಎಂದರೆ ಮಗು. ಮಗುವನ್ನು ಹೆರುವ ಅಪಾಯವನ್ನು ದಾಟಿ ಬಂದವಳೇ ಎಂಬ ಭಾವ. ಬಹುಕಾಲ ಕಾಣದವನು ಸಿಕ್ಕಿದರೆ ‘ಎ ಕು ಒಜೊ ಮೆತಾ’, ಅಂದರೆ ‘ಮೂರು ದಿನಗಳ’ ನಮಸ್ಕಾರ. ಮೂರು ದಿನ ಕಾಣದಿರುವುದೇ ಬಹುಕಾಲವೆಂದು ಎಣಿಸುವ ಜನರ ಮಾತು ಇದು. ನಿನ್ನೆ ಉಪಕಾರ ಮಾಡಿದವನನ್ನು ಇಂದು ಕಂಡರೆ ‘ನಿನ್ನೆ’ ಎಂಬರ್ಥದ ‘ಆನಾ’ ಪದವನ್ನು ಸೇರಿಸಿ ‘ಎ ಕು ಆನಾ’ ಎನ್ನತಕ್ಕದ್ದು. ಹಿರಿಯರನ್ನು ಕಳೆದುಕೊಂಡವನ ಮನೆಗೆ ಹೋದರೆ ಅದಕ್ಕೂ ಬೇರೆ ಮಾತುಂಟು. ಕೆಲವು ಕಸುಬುಗಳಿಗೆ ಈ ಸೂತ್ರವನ್ನು ಬಿಟ್ಟು ಪ್ರತ್ಯೇಕವಾದ ನುಡಿಗಳೇ ಇವೆ. ನೀಲಿಯಲ್ಲಿ ಬಟ್ಟೆಯನ್ನದ್ದುವವಳಿಗೆ ‘ಆರೆದು ಓ’ ಎಂದೂ, ತಲೆಗೂದಲನ್ನು ಹೆಣೆಯುವವಳಿಗೆ ‘ಓಜು ಗ್ಬೋರೋ ಓ’ ಎಂದೂ ಹೇಳುವರು.

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಬ್ರಾಹ್ಮಣನನ್ನು ಕುಶಲವೆಂದೂ ಕ್ಷತ್ರಿಯನನ್ನು ಅನಾಮಯವೆಂದೂ ವೈಶ್ಯನನ್ನು ಕ್ಷೇಮವೆಂದೂ ಶೂದ್ರನನ್ನು ಆರೋಗ್ಯವೆಂದೂ ಪ್ರಶ್ನೆ ಮಾಡಬೇಕೆಂದಿದೆ. ಅಲ್ಲಿ ಮಾತು ಬದಲಾಗುವುದು ಎದುರಿಗಿರುವವನು ಯಾರೆಂಬುದನ್ನವಲಂಬಿಸಿ. ಯೋರುಬಾದಲ್ಲಿ ಮಾತು ಬದಲಾಗುವುದು ಅವನು ಈಗ ಏನು ಮಾಡುತ್ತಿರುವನೆಂಬುದನ್ನವಲಂಬಿಸಿ. ಮೊದಲನೆಯದಕ್ಕೆ ಪಾತ್ರಜ್ಞಾನವು ಬೇಕು, ಎರಡನೆಯದಕ್ಕೆ ಕಣ್ಣು ಬೇಕು. ಎದುರಿನವನನ್ನು ನೋಡದೆ ಯೋರುಬಾದಲ್ಲಿ ಸರಿಯಾಗಿ ನಮಸ್ಕಾರ ಹೇಳುವುದೇ ಅಸಾಧ್ಯ. ನಮ್ಮ ಅಭಿಪ್ರಾಯದಲ್ಲಿ ಈ ಪದ್ಧತಿಯ ಸೊಗಸೆಲ್ಲ ಇದರಲ್ಲಿಯೇ ಇದೆ.

ಆದರೆ ಪಾತ್ರಭೇದವು ಅಲ್ಲಿ ಇಲ್ಲವೆಂದು ತಿಳಿಯಬಾರದು. ಅದು ಸರ್ವನಾಮದಲ್ಲಿ ಅಡಗಿದೆ. ಕಿರಿಯನಿಗೂ ಸಮಾನನಿಗೂ ಏಕವಚನ, ಹಿರಿಯನಿಗೆ ‘ಎ’ ಎಂಬ ಬಹುವಚನ. ಪ್ರಥಮಪುರುಷದಲ್ಲಿಯೂ ಹಾಗೆಯೇ, ಗೌರವಾರ್ಹನಾದ ಒಬ್ಬನನ್ನು ‘ವೊನ್’ ಎಂದು ಬಹುವಚನದಿಂದಲೇ ನಿರ್ದೇಶಿಸುವರು. ನೀನು-ನೀವು, ಅವನು-ಅವರು ಎಂಬ ಭೇದದಲ್ಲಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಏನೂ ಹೊಸತಿಲ್ಲ. ಇಂಗ್ಲಿಷಿನ ಮೂಲಕ ಕಲಿಯುವವನೇ ಇಲ್ಲಿ ಎಡವುವನು. ಸಂಧಿಯ ವಿಷಯದಲ್ಲಿಯೂ ನಮಗೊಂದು ಅನುಕೂಲವುಂಟು. ‘ಕು’ ಎಂಬುದರ ಮುಂದೆ ‘ಆಬೊ’ ಎಂಬ ಪದವು ಬಂದಾಗ ಉಕಾರವು ಲೋಪವಾಗಿ ‘ಕಾಬೊ’ ಎಂದಾಗುವುದು. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಎಂದಾಗುವ ನಮ್ಮ ಲೋಪಸಂಧಿಯನ್ನು ಇದು ಹೋಲುತ್ತದೆ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ‘ಒಕೊ’ ಎಂಬ ಒಂದೇ ಅಕ್ಷರಸಮುದಾಯವು ಕಡೆಯ ಸ್ವರವು ಸಮವಾಗಿದ್ದರೆ ಗಂಡನೆಂದೂ, ಏರಿದರೆ ಗುದ್ದಲಿಯೆಂದೂ, ಇಳಿದರೆ ವಾಹನವೆಂದೂ ಅರ್ಥವನ್ನು ಕೊಡುವುದು. ಉದಾತ್ತ ಅನುದಾತ್ತಗಳನ್ನು ಪುಸ್ತಕದಲ್ಲಿ ಮಾತ್ರ ಬಲ್ಲ ನಮಗೆ, ಅಂಥ ಸ್ವರಭೇದವು ಸಂತೆಯ ಬೀದಿಯಲ್ಲಿ ಜೀವಂತವಾಗಿರುವುದು ಆಶ್ಚರ್ಯಕರವಾಗಿಯೇ ತೋರುವುದು. ಎಕಾರ ಒಕಾರಗಳಲ್ಲಿ ಸಂವೃತ ವಿವೃತ ಭೇದವೂ ಆ ಭಾಷೆಗುಂಟು. ಇವನ್ನೆಲ್ಲ ತೋರಿಸುವ ಚಿಹ್ನೆಗಳು ನಮ್ಮ ಲಿಪಿಯಲ್ಲಿಲ್ಲವಾದುದರಿಂದ ಇಲ್ಲಿ ಬರೆದಿರುವ ರೂಪಗಳೆಲ್ಲ ಹತ್ತಿರದ ಉಚ್ಚಾರಣೆಯೆಂದಷ್ಟೆ ಗ್ರಹಿಸಬೇಕು.

‘ಕು’ ಎಂಬ ಈ ಪದವು ಒಂದು ಜನಾಂಗಕ್ಕೇ ಹೆಸರಾಗಿ ನಿಂತ ವೃತ್ತಾಂತವು ಗಮನಾರ್ಹವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ನೌಕಾಪಡೆಯವರು ಗುಲಾಮರ ಹಡಗುಗಳಿಂದ ಬಿಡಿಸಿದ ಯೋರುಬಾ ಜನರನ್ನು ಸಿಯೆರಾ ಲಿಯೋನಿನಲ್ಲಿ ಇಳಿಸಿದರು. ಕಂಡಕಂಡಲ್ಲಿ ‘ಕು’ ಎಂದು ನಮಸ್ಕಾರ ಹೇಳುತ್ತಿದ್ದ ಇವರನ್ನು ಅಲ್ಲಿಯವರು ‘ಆಕು’ ಜನರೆಂದೇ ಕರೆದರು. ಊರು, ಕುಲ, ರಾಜ್ಯಗಳನ್ನೆಲ್ಲ ಕಳೆದುಕೊಂಡು ಬಂದವರಿಗೆ ಉಳಿದ ಗುರುತು ಇದೊಂದೇ ಆಗಿದ್ದಿತು. ಹೀಗೆ ಬಿಡುಗಡೆ ಹೊಂದಿದವರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರನು 1843ರಲ್ಲಿ ಯೋರುಬಾ ಭಾಷೆಯ ಶಬ್ದಕೋಶವನ್ನು ಪ್ರಕಟಿಸಿದನು. ಮುಂದೆ ಅವನು ಬಿಷಪ್ ಪದವಿಗೂ ಏರಿದನು.

ಕಾಯಿಕವಾದ ಅಭಿವಾದನದಲ್ಲಿ ಪುರುಷರಿಗೆ ‘ಇದೊಬಾಲೆ’, ಸ್ತ್ರೀಯರಿಗೆ ‘ಇಕುನ್ಲೆ’ ಎಂದು ವಿಧಿ. ಮೊದಲನೆಯದು ಎದೆಯು ನೆಲಕ್ಕೆ ತಾಗುವಂತೆ ಮಲಗುವುದು, ಎರಡನೆಯದು ಮೊಣಕಾಲೂರುವುದು. ನಮ್ಮ ಸಾಷ್ಟಾಂಗ ಪಂಚಾಂಗಗಳ ವಿಭಾಗವೂ ಇದೇ ತೆರನಾದುದು. ಆದರೆ ನಮ್ಮಲ್ಲಿ ಸಾಷ್ಟಾಂಗವು ದೇವರಿಗೂ ಗುರುವಿಗೂ ಮೀಸಲಾಗುತ್ತ ಬಂದಿದ್ದರೆ, ಅಲ್ಲಿ ವಯಸ್ಸಿನಲ್ಲಿ ಹಿರಿಯನಾದ ಯಾವನಿಗಾದರೂ ಅದು ಸಲ್ಲತಕ್ಕದ್ದಾಗಿದ್ದಿತು. ಈಗ ಪಟ್ಟಣಗಳಲ್ಲಿ ಬಾಗಿ ಕೈಯಿಂದ ನೆಲವನ್ನು ಮುಟ್ಟುವಷ್ಟಕ್ಕೆ ಇದು ಸಂಕ್ಷೇಪವಾಗಿದೆ. ಪೂರ್ಣರೂಪವು ಅರಸರ ಮುಂದೆಯೂ ವಿವಾಹಗಳಲ್ಲಿಯೂ ಉಳಿದಿದೆ. ಅರಸನನ್ನು ‘ಕಾಬಿಯೇಸಿ’ ಎಂದು ಸಂಬೋಧಿಸುವರು. ಪ್ರಶ್ನಿಸುವವರಿಲ್ಲದವನು ಎಂದು ಅದಕ್ಕೆ ವಿದ್ವಾಂಸರ ವಿವರಣೆ.

ಮೊದಲು ಮಾತಾಡಬೇಕಾದವನು ಕಿರಿಯನು. ಹಾಗಾದರೆ ಕಿರಿಯನು ಯಾರು? ಈ ಪ್ರಶ್ನೆಗೆ ಉತ್ತರವು ನಾವೆಣಿಸುವಷ್ಟು ಸುಲಭವಲ್ಲ. ಮನೆಗೆ ಮದುವೆಯಾಗಿ ಬಂದ ಹೆಣ್ಣು, ತಾನು ಕಾಲಿಟ್ಟ ದಿನಕ್ಕೆ ಮೊದಲೇ ಆ ಮನೆಯಲ್ಲಿ ಹುಟ್ಟಿದ್ದ ಮಕ್ಕಳಿಗೂ ಕಿರಿಯಳೆನಿಸುವಳು. ಅವಳ ವಯಸ್ಸು ಲೆಕ್ಕಕ್ಕೆ ಬಾರದು. ಅವಳಿಮಕ್ಕಳಲ್ಲಿ ಮೊದಲು ಹುಟ್ಟಿದ ತಾಯಿವೊ ಎಂಬವನು ಕಿರಿಯನು. ಹಿಂದೆ ಬಂದ ಕೆಹಿಂದೆ ಎಂಬವನೇ ಹಿರಿಯನು. ಲೋಕವು ಹೇಗಿದೆಯೆಂದು ನೋಡಿ ಬರುವಂತೆ ಹಿರಿಯನೇ ಕಿರಿಯನನ್ನು ಮುಂದಾಗಿ ಕಳುಹಿಸಿದನೆಂದು ಅವರು ಹೇಳುವರು. ನಮ್ಮ ಧರ್ಮಶಾಸ್ತ್ರದಲ್ಲಿ ಜ್ಯೇಷ್ಠತ್ವನಿರ್ಣಯಕ್ಕೆ ಸಂಬಂಧಿಸಿದ ಚರ್ಚೆಗಳನ್ನು ಬಲ್ಲವರಿಗೆ ಈ ಯುಕ್ತಿಯು ರುಚಿಸದಿರದು.

ಯೋರುಬಾ ಸೀಮೆಗೆ ಪೂರ್ವದಲ್ಲಿರುವುದು ಬೆನಿನ್ ಪಟ್ಟಣ. 1897ರಲ್ಲಿ ಆಂಗ್ಲರು ಇದನ್ನು ಸೂರೆಮಾಡಿ ಅರಮನೆಯ ಕಂಚಿನ ಶಿಲ್ಪಗಳನ್ನೊಯ್ದ ಸಂಗತಿಯನ್ನು ವಾಚಕರು ಬಲ್ಲರು. ಅಲ್ಲಿಯ ಎದೊ ಜನರಲ್ಲಿ ಪ್ರಾತಃಕಾಲದ ಅಭಿವಾದನವು ವಂಶಕ್ಕೊಂದೊಂದು. ಅರಸನ ವಂಶದವರದು ‘ಲಾಮೊಗುನ್’. ಇತರ ವಂಶಗಳವು ಬೇರೆಬೇರೆ. ಬೆಳಗಿನಲ್ಲಿ ಒಬ್ಬನು ಆಡುವ ಮಾತಿನಿಂದಲೇ ಅವನು ಯಾರ ವಂಶದವನೆಂಬುದು ಗೊತ್ತಾಗುವುದು. ಪ್ರವರ ಗೋತ್ರಗಳನ್ನು ಹೇಳಿಕೊಂಡು ‘ಅಭಿವಾದಯೇ’ ಎನ್ನುವ ನಮ್ಮ ಸಂಪ್ರದಾಯಕ್ಕೆ ಇಷ್ಟು ಹತ್ತಿರವಾದುದನ್ನು ಬೇರೆಲ್ಲಿಯೂ ನಾವು ಕಂಡಿಲ್ಲ.

ಉತ್ತರದ ಹೌಸಾ ಜನರು ಬಹುತರವಾಗಿ ಮಹಮ್ಮದೀಯ ಮತದವರು. ಮನೆಯ ಬಾಗಿಲಲ್ಲಿ ನಿಂತು ‘ಸಲಾಮು ಅಲೈಕುಂ’ ಎಂದು ಕೂಗಿ, ಉತ್ತರ ಬಂದ ಮೇಲೆಯೇ ಒಳಗೆ ಕಾಲಿಡತಕ್ಕದ್ದು. ಸಾಮಾನ್ಯವಾದ ಮಾತು ‘ಸನ್ನು’. ಮೆಲ್ಲಗೆ ಎಂಬ ಅರ್ಥವೂ ಇದಕ್ಕುಂಟು. ಕೆಲಸದಲ್ಲಿರುವವನಿಗೆ ‘ಸನ್ನು ದ ಐಕಿ’, ಬಂದವನಿಗೆ ‘ಸನ್ನು ದ ಜುವಾ’. ಇವರ ಕುಶಲಪ್ರಶ್ನೆಯು ಮಾಲೆಯಂತೆ ನೀಳವಾದುದು: ರಾತ್ರಿ ಹೇಗೆ ಕಳೆಯಿತು, ಮನೆ ಹೇಗಿದೆ, ಕೆಲಸ ಹೇಗಿದೆ, ಎಂದು ಒಂದೊಂದಾಗಿ ಕೇಳುತ್ತ ‘ಇನಾ ಗಾಜಿಯಾ’, ದಣಿವು ಹೇಗಿದೆ, ಎಂಬಲ್ಲಿಗೆ ಬರುವರು. ದಣಿವಿಗೆ ‘ದಣಿವಿಲ್ಲ’ ಎಂದು ಉತ್ತರ. ಮಿಕ್ಕವಕ್ಕೆಲ್ಲ ‘ಲಾಫಿಯಾ’ ಎಂದೇ ಉತ್ತರ. ಈ ‘ಲಾಫಿಯಾ’ವು ಕ್ಷೇಮವೆಂಬರ್ಥದ ಅರಬ್ಬೀ ಶಬ್ದದಿಂದ ಹುಟ್ಟಿದುದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೂ ಮೊದಲು ಲಾಫಿಯಾ ಎಂದೇ ಹೇಳಿ, ಮಾಲೆಯು ಮುಗಿದ ಬಳಿಕ ನಿಜವಾದ ಸಮಾಚಾರವನ್ನೆತ್ತುವರು. ಇದನ್ನು ಸುಳ್ಳೆಂದು ದೂಷಿಸಿದರೆ, ಜ್ವರದಲ್ಲಿ ಮಲಗಿ ‘ಉಭಯಕುಶಲೋಪರಿ’ ಎಂದು ಕಾಗದವನ್ನು ಆರಂಭಿಸುತ್ತಿದ್ದ ನಮ್ಮ ಹಿರಿಯರನ್ನೂ ದೂಷಿಸಬೇಕಾಗುವುದು.

ಹೌಸಾದ ಸರ್ವನಾಮವು ಯೋರುಬಾಕ್ಕೆ ಪ್ರತಿಲೋಮವಾದುದು. ಯೋರುಬಾದಲ್ಲಿ ಗೌರವಭೇದವುಂಟು, ಲಿಂಗಭೇದವಿಲ್ಲ. ಹೌಸಾದಲ್ಲಿ ಮಧ್ಯಮಪುರುಷದಲ್ಲಿಯೂ ಲಿಂಗಭೇದವುಂಟು; ಅಮೀರನಿಗೆ ‘ರನ್‌ಕಾ ಯಾ ದಡೆ’, ದೀರ್ಘಾಯುವಾಗು, ಎನ್ನುವವರು ಸ್ತ್ರೀಗೆ ‘ರನ್‌ಕಿ’ ಎಂದು ಬದಲಾಯಿಸಬೇಕು. ಯುಷ್ಮದಸ್ಮತ್ತುಗಳಿಗೆ ಲಿಂಗವಿಲ್ಲವೆಂದು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರಿಗೆ ಇದು ವಿಚಿತ್ರವೆನಿಸಿದರೂ ಅರಬ್ಬೀ ಭಾಷೆಯಲ್ಲಿಯೂ ಈ ಭೇದವುಂಟು. ಹೌಸಾವು ದೂರದ ಸಂಬಂಧದಿಂದ ಆ ಕುಟುಂಬಕ್ಕೇ ಸೇರಿದುದು. ಅಮೀರನೆದುರಿಗೆ ಪಾದರಕ್ಷೆಯನ್ನು ಬಿಟ್ಟು ಕುಕ್ಕರಗಾಲಲ್ಲಿ ಕುಳಿತು, ಮುಷ್ಟಿಯನ್ನು ಮೇಲೆತ್ತಿ ಗೌರವವನ್ನು ತೋರಿಸುವರು. ನೋಟವನ್ನು ತಗ್ಗಿಸುವುದೂ, ಗಂಡನ ಹೆಸರನ್ನೂ ಚೊಚ್ಚಲ ಮಗುವಿನ ಹೆಸರನ್ನೂ ಬಾಯಲ್ಲಿ ಆಡದಿರುವುದೂ ‘ಕುನ್ಯಾ’ ಎಂಬ ಲಜ್ಜಾಧರ್ಮದ ಅಂಗಗಳು. ಇವರ ನೆರೆಯ ಫುಲಾನಿ ಗೋಪಾಲಕರು ‘ಜಾಮ್ ನಾ’ ಎಂದು ಶಾಂತಿಯನ್ನು ವಿಚಾರಿಸುವರು, ‘ಜಾಮ್’ ಎಂದೇ ಉತ್ತರವನ್ನು ಪಡೆಯುವರು.

ಇನ್ನು ಇಗ್ಬೊ ಜನರು. ಇವರ ಬಹುಪಾಲು ಗ್ರಾಮಗಳಲ್ಲಿ ಪೂರ್ವಕಾಲದಲ್ಲಿ ಅರಸರಿರಲಿಲ್ಲ. ಊರಿನ ಸಭೆಯೇ ಪ್ರಭು. ಅರಸನಿಲ್ಲದ ಕಡೆ ಸಾಷ್ಟಾಂಗವೂ ಇಲ್ಲ. ಬೆಳಗ್ಗೆ ‘ಇ ಬೊಲಾ ಚಿ’ ಎಂದು ಕೇಳುವರು, ಬೆಳಗನ್ನು ಕಂಡೆಯಾ ಎಂಬ ಅಭಿಪ್ರಾಯದಿಂದ. ರಾತ್ರಿ ಅಗಲುವಾಗ ‘ಕ ಚಿ ಫೊ’, ಬೆಳಗಾಗಲಿ, ಎನ್ನುವರು. ಈ ‘ಚಿ’ ಎಂಬುದಕ್ಕೆ ಹಗಲಿನ ಬೆಳಕು ಎಂದೊಂದು ಅರ್ಥ, ಪ್ರತಿಯೊಬ್ಬನಿಗೂ ಜೊತೆಯಾಗಿರುವ ಅಧಿದೇವತೆಯೆಂದು ಮತ್ತೊಂದು. ಚಿನುವಾ ಅಚೆಬೆಯು ಈ ಎರಡರ ಸಂಬಂಧವನ್ನು ಒಂದು ಪ್ರಬಂಧದಲ್ಲಿ ವಿಚಾರಮಾಡಿರುವನು. ಈಚೆಗೆ ‘ಉತುತು ಒಮಾ’ ಎಂಬ ಮಾತು ಹಬ್ಬಿದೆ. ಇದು ಇಂಗ್ಲಿಷಿನ ‘ಗುಡ್ ಮಾರ್ನಿಂಗ್’ ಎಂಬುದನ್ನು ಪದಕ್ಕೆ ಪದವಿಟ್ಟು ಕಟ್ಟಿದುದು. ನಮ್ಮ ‘ಶುಭೋದಯ’ವೂ ಹೀಗೆಯೇ ಹುಟ್ಟಿದ ಕೂಸಾದುದರಿಂದ ನಾವು ಇಗ್ಬೊ ಜನರನ್ನು ಆಕ್ಷೇಪಿಸುವಂತಿಲ್ಲ.

ಇಗ್ಬೊ ಜನರ ಅಭಿವಾದನವು ನಿಜವಾಗಿ ನಡೆಯುವುದು ಮಾತಿನಲ್ಲಲ್ಲ, ‘ಒಜಿ’ ಎಂಬ ಕೋಲಾಬೀಜದಲ್ಲಿ. ಅತಿಥಿಯು ಬಂದೊಡನೆ ಯಜಮಾನನು ಇದನ್ನು ತಟ್ಟೆಯಲ್ಲಿಟ್ಟು ತರುವನು. ಕೋಲಾವನ್ನು ತಂದವನು ಜೀವವನ್ನೇ ತಂದನೆಂದು ಅವರ ಗಾದೆ. ತಟ್ಟೆಯು ಬಂಧುತ್ವದ ಕ್ರಮವನ್ನನುಸರಿಸಿ ಒಬ್ಬರಿಂದೊಬ್ಬರಿಗೆ ಸಾಗಿ, ಎಲ್ಲರೂ ಕಂಡ ಬಳಿಕ ಯಜಮಾನನ ಕೈಗೇ ಹಿಂದಿರುಗುವುದು. ಹಿರಿಯನು ಪ್ರಾರ್ಥನೆ ಮಾಡುವನು. ಆ ಪ್ರಾರ್ಥನೆಯು ಇಗ್ಬೊ ಭಾಷೆಯಲ್ಲಿಯೇ ಆಗತಕ್ಕದ್ದು. ಕೋಲಾಕ್ಕೆ ಇಂಗ್ಲಿಷ್ ತಿಳಿಯದೆಂದು ಹೇಳುವರು. ವಿಧಿಗೆ ಯೋಗ್ಯವಾದ ಬೀಜವು ಎರಡಕ್ಕಿಂತ ಹೆಚ್ಚು ಹೋಳುಗಳಾಗಿ ಬಿಡಿಯತಕ್ಕ ಜಾತಿಯದು. ಮೂರು ಹೋಳಿನದು ವೀರರದೆಂದೂ, ನಾಲ್ಕು ಹೋಳಿನದು ಎಕೆ, ಓರಿಯೆ, ಅಫೊ, ನ್ಕ್ವೊ ಎಂಬ ನಾಲ್ಕು ಸಂತೆಯ ದಿನಗಳಿಗೆ ಸಮನಾದ್ದರಿಂದ ಶುಭವೆಂದೂ ಎಣಿಸುವರು. ಸ್ತ್ರೀಯರು ಇದನ್ನು ಒಡೆಯುವ ಸಂಪ್ರದಾಯವಿಲ್ಲ. ಅದೇಕೆಂದು ಕೇಳುವವರು ಈಗ ಅಲ್ಲಿಯೇ ಹುಟ್ಟಿರುವರು. ಕೋಲಾವು ಬೆಳೆಯುವುದು ಯೋರುಬಾ ಸೀಮೆಯಲ್ಲಿ, ಅಗಿಯುವವರು ಹೌಸಾ ಜನರು, ಪೂಜಿಸುವವರು ಇಗ್ಬೊ ಜನರು ಎಂದು ಆ ದೇಶದಲ್ಲಿ ಒಂದು ಮಾತುಂಟು.

ಅಚೆಬೆಯು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಪ್ರಥಮಾಧ್ಯಾಯದಲ್ಲಿ ಈ ವಿಧಿಯು ಬರುವುದು. ಒಕೊಯೆ ಎಂಬವನು ನೆರೆಯವನಾದ ಉನೊಕನ ಮನೆಗೆ ಬರುವನು. ಉನೊಕನು ಕೋಲಾವನ್ನೂ, ಏಲಕ್ಕಿಯ ಜಾತಿಗೆ ಸೇರಿದ ಒಂದು ಖಾರದ ಬೀಜವನ್ನೂ, ಬಿಳಿಯ ಜೇಡಿಯನ್ನೂ ತಂದಿಡುವನು. ನೀನು ಒಡೆ, ನೀನೇ ಒಡೆ ಎಂದು ಇಬ್ಬರೂ ಕೆಲಹೊತ್ತು ಉಪಚಾರಮಾಡಿ, ಕಡೆಗೆ ಉನೊಕನು ಒಡೆಯುವನು. ಬಳಿಕ ಲೋಕಾಭಿರಾಮವಾದ ಮಾತುಗಳಾಗುವುವು. ಆಮೇಲೆ ತಿಳಿದುಬರುವುದೇನೆಂದರೆ, ಒಕೊಯೆಯು ಬಂದುದು ತಾನು ಕೊಟ್ಟಿದ್ದ ಇನ್ನೂರು ಕವಡೆಗಳ ಸಾಲವನ್ನು ಕೇಳುವುದಕ್ಕೆ. ಇದನ್ನು ಕೇವಲ ದೇಶಾಚಾರದ ವರ್ಣನೆಯೆಂದು ಬೋಧಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಸಾಲಗಾರನು ಸಾಲಕೊಟ್ಟವನಿಗೆ ಕೋಲಾವನ್ನು ಕೊಟ್ಟನು, ಅವನು ತಿಂದನು, ತಿಂದ ಮೇಲೆ ಒರಟಾಗಿ ಕೇಳುವಂತಿಲ್ಲ, ಬಳಸಿ ಬಳಸಿ ಗಾದೆಗಳಿಂದ ಕೇಳಬೇಕಾಗುವುದು. ಆ ಬಳಸುಮಾತಿನ ಮೇಲೆಯೇ ಸನ್ನಿವೇಶದ ಹಾಸ್ಯವೆಲ್ಲ ನಿಂತಿದೆ. ನಮ್ಮ ತಾಂಬೂಲವನ್ನು ದೃಷ್ಟಾಂತವಾಗಿ ಕೊಟ್ಟರೆ ವಿದ್ಯಾರ್ಥಿಗಳಿಗೆ ಅರ್ಧಾಂಶ ತಿಳಿಯುವುದು. ತಾಂಬೂಲವನ್ನು ನಾವು ಕೊಡುವುದು ಹೆಚ್ಚಾಗಿ ಬೀಳ್ಕೊಡುವಾಗ, ಕೋಲಾವು ಬರುವುದು ಮಾತಿಗೆ ಮೊದಲು, ಎಂಬುದನ್ನೂ ಹೇಳಿದರೆ ಉಳಿದರ್ಧವೂ ತಿಳಿಯುವುದು.

ಇಂಥ ಭಿನ್ನಾಚಾರದ ಜನರು ಒಂದೇ ಬೀದಿಯಲ್ಲಿ ವಾಸಮಾಡುವಾಗ ಘರ್ಷಣೆಯಾಗದಿರದು. ನೆಲಕ್ಕೆ ಬಾಗದ ಇಗ್ಬೊ ತರುಣನು ಯೋರುಬಾ ವೃದ್ಧನ ಕಣ್ಣಿಗೆ ಗರ್ವಿಯಾಗಿ ಕಾಣುವನು; ಅವನು ಯೋರುಬಾ ಕನ್ಯೆಯನ್ನು ವರಿಸುವುದಾದರೆ ಸ್ನೇಹಿತರೊಡನೆ ಅವಳ ಹಿರಿಯರ ಮುಂದೆ ಅಡ್ಡಬೀಳಲೇಬೇಕು. ಮನುಷ್ಯರಿಗೆ ಸಾಷ್ಟಾಂಗ ಸಲ್ಲದು, ಅದು ದೇವರೊಬ್ಬನಿಗೇ ಎನ್ನುವವರು ಯೋರುಬಾ ಮುಸಲ್ಮಾನರಲ್ಲಿಯೂ ಕ್ರೈಸ್ತರಲ್ಲಿಯೂ ಇರುವರು. ಇದು ಪೂಜೆಯಲ್ಲ, ವಯೋಗೌರವವೆಂದು ಸಮಾಧಾನ ಹೇಳುವವರೂ ಅದೇ ಮತಗಳಲ್ಲಿರುವರು. 1967ರಿಂದ 1970ರವರೆಗೆ ನಡೆದ ಅಂತರ್ಯುದ್ಧದ ತರುವಾಯ, 1973ರಲ್ಲಿ ಸರ್ಕಾರವು ಪದವೀಧರರಾದ ತರುಣ ತರುಣಿಯರು ಒಂದು ವರ್ಷ ದೇಶಸೇವೆಯಲ್ಲಿರಬೇಕೆಂದು ಗೊತ್ತುಮಾಡಿತು. ಅವರನ್ನು ಸಾಮಾನ್ಯವಾಗಿ ಸ್ವಂತ ಸೀಮೆಯಿಂದ ಹೊರಗೆ ಕಳುಹಿಸುವುದು ವಾಡಿಕೆ. ಅಪರಿಚಿತವಾದ ಸೀಮೆಗೆ ಹೋದವನಿಗೆ ಮೊದಲು ಬೇಕಾಗುವುದು ಅಲ್ಲಿಯ ಪ್ರಾತಃಕಾಲದ ಮಾತು.

ಎಲ್ಲರಿಗೂ ಸಾಮಾನ್ಯವಾದ ಇಂಗ್ಲಿಷಿನಲ್ಲಿ ಮಾತಾಡಿದರೂ ಅದರೊಳಗೆ ಈ ಹಳೆಯ ವಿಧಿಗಳೇ ಹೊಕ್ಕಿವೆ. ನೈಜೀರಿಯಾದವನು ಕೆಲಸಗಾರನನ್ನು ಕಂಡು ‘ವೆಲ್ ಡನ್’ ಎಂದರೆ ಅದು ಪ್ರಶಂಸೆಯಲ್ಲ, ‘ಎ ಕು ಇಶೆ’ ಮತ್ತು ‘ಸನ್ನು ದ ಐಕಿ’ಗಳ ಭಾಷಾಂತರ, ಕಿರಿಯನು ಹಿರಿಯನಿಗೂ ಹಾಗೆನ್ನಬಹುದು. ಎಡವಿದವನನ್ನು ನೋಡಿ ದೂರದಲ್ಲಿದ್ದವನು ‘ಸಾರಿ’ ಎಂದರೆ ಅಪರಾಧವನ್ನೊಪ್ಪಿಕೊಂಡಂತಲ್ಲ. ಯೋರುಬಾದ ‘ಪೆಲೆ’, ಇಗ್ಬೊವಿನ ‘ನ್ದೊ’, ಹೌಸಾದ ‘ಸನ್ನು’ ಇವು ಅನ್ಯರ ನೋವಿಗೆ ಹೇಳುವ ಅನುಕಂಪದ ಮಾತುಗಳು. ಬಂದವನಿಗೆ ‘ಯು ಆರ್ ವೆಲ್‌ಕಂ’ ಎನ್ನುವುದು ‘ಎ ಕಾಬೊ’. ನಾಟಕವೊಂದರಲ್ಲಿ ಸೇವಕನು ಯಜಮಾನನಿಗೆ ‘ವೆಲ್ ಡನ್’ ಎಂದರೆ ನಮ್ಮ ವಿದ್ಯಾರ್ಥಿಯು ಅದನ್ನು ಅಧಿಕಪ್ರಸಂಗವೆಂದೂ ವ್ಯಂಗ್ಯವೆಂದೂ ವ್ಯಾಖ್ಯಾನಿಸುವನು. ಪರೀಕ್ಷಕನೂ ಹಾಗೆಯೇ ತಿಳಿದಿದ್ದರೆ ಅಂಕಗಳನ್ನೂ ಕೊಡುವನು!

ಕನ್ನಡಕ್ಕೆ ಭಾಷಾಂತರಿಸುವವರು ಇವೆಲ್ಲಕ್ಕೂ ‘ನಮಸ್ಕಾರ’ವೆಂಬ ಒಂದೇ ಪದವನ್ನು ಬಳಸಿದರೆ ಪಾತ್ರಗಳ ವಯಸ್ಸು, ಹೊತ್ತು, ಕೆಲಸ ಎಲ್ಲವೂ ಅಳಿಸಿಹೋಗುವುವು. ಪ್ರಯಾಣಿಕನಿಗೆ ಹೇಳುವ ‘ಎ ಕು ಇರಿನ್’ ಎಂಬುದಕ್ಕೆ ಸಂಸ್ಕೃತದ ಸಮಾಸವೊಂದನ್ನು ಕಟ್ಟುವುದಕ್ಕಿಂತ, ‘ಎಲ್ಲಿಗೆ’ ಎಂದು ಕೇಳಬಾರದೆಂದು ನಮ್ಮ ಹಳ್ಳಿಯವರು ಹೊರಟವನನ್ನು ‘ದೂರ ಹೊರಟಿರಾ?’ ಎಂದು ವಿಚಾರಿಸುವ ಮಾತೇ ಹೆಚ್ಚು ಹೊಂದುವುದು. ‘ಎ ಕು ಇಶೆ’ಗೆ ಮಾತ್ರ ಸರಿಯಾದ ಕನ್ನಡದ ಮಾತು ಇನ್ನೂ ದೊರೆಯಬೇಕಾಗಿದೆ, ಗದ್ದೆಯ ಬದುವಿನ ಮೇಲೆ ಹಾದುಹೋಗುವವನು ಉಳುವವನಿಗೆ ಹೇಳುವ ಮಾತು ಯಾವುದಾದರೂ ವಾಚಕರ ಸೀಮೆಯಲ್ಲಿ ಬಳಕೆಯಲ್ಲಿದ್ದರೆ ಅದನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಪ್ರಾರ್ಥಿಸುವೆವು.